ಗವ್ರಿಯಿಲ್ ಇಲಿಜರೋವ್

ಗವ್ರಿಯಿಲ್ ಅಬ್ರಮೋವಿಚ್ ಇಲಿಜರೋವ್ (15 ಜೂನ್ 1921 – 24 ಜುಲೈ 1992) ಸೋವಿಯತ್ ಒಕ್ಕೂಟದ ಮೂಳೆ ಶಸ್ತ್ರವೈದ್ಯರು. ಮುರಿದು ಕೂಡದ ಮೂಳೆಗಳನ್ನು ಕೂಡಿಸಲು, ಗಿಡ್ಡವಾದ ಕೈಕಾಲುಗಳನ್ನು ಉದ್ದಗೊಳಿಸಲು ಹಾಗೂ ಸೊಟ್ಟಗಾದ ಅವಯವಗಳನ್ನು ನೇರಗೊಳಿಸಲು ದೇಹದ ಹೊರಗೆ ಅಳವಡಿಸುವ ಉಂಗುರಾಕಾರದ ಚೌಕಟ್ಟನ್ನು ಇವರು ರೂಪಿಸಿದರು. ಈ ಸಾಧನವನ್ನು ಜಗತ್ತಿನಾದ್ಯಂತ ಇಲಿಜರೋವ್ ಚೌಕಟ್ಟು ಅಥವಾ ಇಲಿಜರೋವ್ ಉಪಕರಣ ಎಂದು ಕರೆಯುತ್ತಾರೆ. ಮೂಳೆಯನ್ನು ನಿಧಾನವಾಗಿ, ಅಳತೆ ತಪ್ಪದೆ ಎಳೆಯುತ್ತ ಹೋದರೆ ಅಲ್ಲಿ ಹೊಸ ಮೂಳೆ ಬೆಳೆಯುತ್ತದೆ ಎಂಬುದನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟದ್ದು ಇವರ ಮುಖ್ಯ ಸಾಧನೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮುಗಿಯುತ್ತದೆಂದು ತಿಳಿಯಲಾಗಿದ್ದ ಚಿಕಿತ್ಸೆಯನ್ನು ಇವರು ರೋಗಿಯು ಎದ್ದು ನಡೆಯುವ ತಿಂಗಳುಗಳಿಗೆ ವಿಸ್ತರಿಸಿದರು. ಇವರ ಪದ್ಧತಿಯಲ್ಲಿ ಚೇತರಿಕೆಯೆಂಬುದು ಚಿಕಿತ್ಸೆಯ ನಂತರದ ಹಂತವಲ್ಲ, ಚಿಕಿತ್ಸೆಯ ಮುಖ್ಯ ಭಾಗವೇ ಆಗಿದೆ.

ಜನನ ಮತ್ತು ಬಾಲ್ಯ

ಇಲಿಜರೋವ್ ಅವರು ಪೋಲೆಂಡಿನ ಬ್ಯಾಲೊವಿಯೆಜಾ ಎಂಬಲ್ಲಿ ಜನಿಸಿದರು. ತಂದೆ ಅಬ್ರಂ ಕಾಕಸಸ್ ಪರ್ವತ ಪ್ರದೇಶದ ಯಹೂದಿ ಸಮುದಾಯದವರು. ತಾಯಿ ಗೋಲ್ಡಾ ಪೂರ್ವ ಯೂರೋಪಿನ ಯಹೂದಿ ಮನೆತನದವರು. ಆರು ಮಕ್ಕಳಲ್ಲಿ ಗವ್ರಿಯಿಲ್ ಹಿರಿಯರು. ಅವರು ಏಳು ವರ್ಷದ ಬಾಲಕನಾಗಿದ್ದಾಗ ಕುಟುಂಬವು ತಂದೆಯ ಊರಾದ ಅಜರ್‌ಬೈಜಾನಿನ ಕುಸಾರ್‌ಗೆ ಬಂದು ನೆಲೆಸಿತು. ದಾಗೆಸ್ತಾನದ ಗಡಿಗೆ ಹತ್ತಿರವಿರುವ ಈ ಊರಿನಲ್ಲಿ ಅವರ ಬಾಲ್ಯ ಕಡುಬಡತನದಲ್ಲಿ ಕಳೆಯಿತು. ಮನೆಯ ದುಡಿಮೆಗೆ ನೆರವಾಗಬೇಕಿದ್ದುದರಿಂದ ಹನ್ನೊಂದು ಹನ್ನೆರಡು ವರ್ಷ ತುಂಬುವವರೆಗೆ ಅವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತಡವಾಗಿ ಸೇರಿದರೂ ಓದಿನಲ್ಲಿ ಚುರುಕಾಗಿದ್ದ ಕಾರಣ ಕೆಳಗಿನ ತರಗತಿಗಳನ್ನು ದಾಟಿ ತಮ್ಮ ವಯಸ್ಸಿನವರನ್ನು ಬೇಗನೆ ಕೂಡಿಕೊಂಡರು.

ವಿದ್ಯಾಭ್ಯಾಸ

ಕಾರ್ಮಿಕರು ಮತ್ತು ರೈತರ ಮಕ್ಕಳನ್ನು ಉನ್ನತ ಶಿಕ್ಷಣಕ್ಕೆ ಸಿದ್ಧಗೊಳಿಸಲು ಆಗ ಸೋವಿಯತ್ ಸರ್ಕಾರ ವಿಶೇಷ ಶಾಲೆಗಳನ್ನು ನಡೆಸುತ್ತಿತ್ತು. ದಾಗೆಸ್ತಾನದ ಬುಯ್ನಾಕ್ಸ್ಕ್ ಪಟ್ಟಣದಲ್ಲಿದ್ದ ಅಂಥ ವೈದ್ಯಕೀಯ ಪೂರ್ವಸಿದ್ಧತಾ ಶಾಲೆಯಲ್ಲಿ ಓದಿ, 1939ರಲ್ಲಿ ಇಲಿಜರೋವ್ ಅವರು ಸಿಂಫೆರೊಪೋಲ್ ನಗರದ ಕ್ರಿಮಿಯಾ ವೈದ್ಯಕೀಯ ಸಂಸ್ಥೆಗೆ ಸೇರಿದರು. 1941ರಲ್ಲಿ ಜರ್ಮನ್ ಸೈನ್ಯವು ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ಮೇಲೆ ಸಂಸ್ಥೆಯನ್ನು ಪೂರ್ವಕ್ಕೆ ಸ್ಥಳಾಂತರಿಸಲಾಯಿತು. ಯುದ್ಧಕಾಲದ ಕೊರತೆಗಳ ನಡುವೆಯೇ ಕಜಾಕಿಸ್ತಾನದ ಕಿಜಿಲೊರ್ದಾದಲ್ಲಿ ವ್ಯಾಸಂಗ ಮುಂದುವರಿಸಿ, 1944ರಲ್ಲಿ ಅವರು ವೈದ್ಯ ಪದವಿ ಪಡೆದರು.

ಕುರ್ಗಾನ್ ಪ್ರಾಂತದಲ್ಲಿ ಗ್ರಾಮವೈದ್ಯ

ಪದವಿ ಮುಗಿದ ಕೂಡಲೆ ಅವರನ್ನು ಪಶ್ಚಿಮ ಸೈಬೀರಿಯಾದ ಕುರ್ಗಾನ್ ಪ್ರಾಂತದ ಹಳ್ಳಿಗಾಡಿಗೆ ನೇಮಿಸಲಾಯಿತು. ದೊಲ್ಗೊವ್ಕಾ ಎಂಬ ಹಳ್ಳಿಯ ಸುತ್ತಮುತ್ತಲ ವಿಶಾಲ ಪ್ರದೇಶದಲ್ಲಿ ಹೆರಿಗೆಯಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಎಲ್ಲ ಕೆಲಸವೂ ಅವರ ಪಾಲಿಗೆ ಬಂದಿತು. ಮಂಜು ಕವಿದ ದಾರಿಗಳಲ್ಲಿ ಕುದುರೆ ಬಂಡಿಯಲ್ಲಿ ಸಂಚರಿಸಿ ರೋಗಿಗಳನ್ನು ನೋಡಬೇಕಾಗಿತ್ತು.

ಅದು ಯುದ್ಧ ಮುಗಿಯುತ್ತಿದ್ದ ಕಾಲ. ಗುಂಡೇಟಿನಿಂದ, ಸಿಡಿಮದ್ದಿನಿಂದ ಕೈಕಾಲಿನ ಮೂಳೆ ಪುಡಿಯಾದ ಸೈನಿಕರು ಊರುಗಳಿಗೆ ಮರಳುತ್ತಿದ್ದರು. ಆಗ ಬಳಕೆಯಲ್ಲಿದ್ದ ಚಿಕಿತ್ಸೆಯೆಂದರೆ ಪ್ಲಾಸ್ಟರ್ ಕಟ್ಟು, ತೂಕ ಕಟ್ಟಿ ಎಳೆಯುವುದು ಮತ್ತು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದು. ಇದರಿಂದ ಹಲವರಿಗೆ ಮೂಳೆ ಕೂಡುತ್ತಿರಲಿಲ್ಲ. ಕೂಡಿದರೂ ಕೀಲುಗಳು ಬಿಗಿದು, ಸ್ನಾಯುಗಳು ಸೊರಗಿ, ಕಾಲು ಇದ್ದೂ ಇಲ್ಲದಂತಾಗುತ್ತಿತ್ತು. ಮೂಳೆಯನ್ನು ಅಲುಗದಂತೆ ಹಿಡಿಯಬೇಕು, ಆದರೆ ಮನುಷ್ಯನನ್ನು ಅಲುಗದಂತೆ ಮಾಡಬಾರದು ಎಂಬ ಸಮಸ್ಯೆಗೆ ಉತ್ತರ ಹುಡುಕುವುದು ತರುಣ ವೈದ್ಯರ ಗೀಳಾಯಿತು. ದೂರದ ಗ್ರಂಥಾಲಯಗಳಿಂದ ಪುಸ್ತಕಗಳನ್ನು ತರಿಸಿಕೊಂಡು ಅವರು ಮೂಳೆ ಚಿಕಿತ್ಸೆಯನ್ನು ಬಹುಮಟ್ಟಿಗೆ ತಾವೇ ಅಭ್ಯಾಸ ಮಾಡಿದರು.

1950ರಲ್ಲಿ ಅವರು ಕುರ್ಗಾನ್ ನಗರದ ಪ್ರಾಂತೀಯ ಆಸ್ಪತ್ರೆಗೆ ಬಂದರು. ಸಣ್ಣ ವಿಮಾನದಲ್ಲಿ ದೂರದ ಹಳ್ಳಿಗಳಿಗೆ ಹಾರಿ ತುರ್ತು ಶಸ್ತ್ರಚಿಕಿತ್ಸೆ ಮಾಡುವ ಹೊಣೆಯೂ ಅವರದಾಗಿತ್ತು.

ಉಪಕರಣದ ರಚನೆ

ಕುದುರೆ ಗಾಡಿಯ ಮೂಕಿಮರಗಳನ್ನು ಬಿಗಿದು ಹಿಡಿಯುವ ಬಿಲ್ಲಿನಾಕಾರದ ಕಟ್ಟನ್ನು ನೋಡುತ್ತ ಇಲಿಜರೋವ್ ಅವರಿಗೆ ಉಪಕರಣದ ಕಲ್ಪನೆ ಹೊಳೆಯಿತೆಂದು ಹೇಳುತ್ತಾರೆ. ಪೊರಕೆಯ ಕೋಲನ್ನು ಮುರಿದು, ತಂತಿ ಮತ್ತು ಬಳೆಗಳಿಂದ ಅದನ್ನು ಮತ್ತೆ ಜೋಡಿಸಿ ಪರೀಕ್ಷಿಸಿದರೆಂಬ ಕಥೆಯೂ ಪ್ರಚಾರದಲ್ಲಿದೆ. ಮೊದಲ ಉಪಕರಣದ ಭಾಗಗಳನ್ನು ಸ್ಥಳೀಯ ಲೋಹ ಕೆಲಸಗಾರರೇ ತಯಾರಿಸಿಕೊಟ್ಟರು. 1952ರಲ್ಲಿ ಅವರು ಆವಿಷ್ಕಾರದ ಹಕ್ಕಿಗಾಗಿ ಅರ್ಜಿ ಸಲ್ಲಿಸಿದರು. 1954ರಲ್ಲಿ ಸರ್ಕಾರದಿಂದ ಪ್ರಮಾಣಪತ್ರ ದೊರೆಯಿತು.

ಉಪಕರಣದ ರಚನೆ ಸರಳವಾದುದು. ಕೈ ಅಥವಾ ಕಾಲಿನ ಸುತ್ತ ಒಂದರ ಕೆಳಗೊಂದರಂತೆ ಲೋಹದ ಬಳೆಗಳಿರುತ್ತವೆ. ಸುಮಾರು 1.5ರಿಂದ 1.8 ಮಿಲಿಮೀಟರ್ ದಪ್ಪದ ತಂತಿಗಳು ಚರ್ಮ ಮತ್ತು ಮೂಳೆಯನ್ನು ಅಡ್ಡಲಾಗಿ ತೂರಿ ಹೊರಬಂದು ಬಳೆಗೆ ಬಿಗಿಯಾಗಿ ಕಟ್ಟಲ್ಪಡುತ್ತವೆ. ಬಳೆಗಳನ್ನು ಒಂದಕ್ಕೊಂದು ಜೋಡಿಸುವುದು ತಿರುಪು ಕೊರೆದ ಉದ್ದನೆಯ ಸರಳುಗಳು. ಸರಳಿನ ಮೇಲಿನ ನಟ್ಟುಗಳನ್ನು ತಿರುಗಿಸಿದರೆ ಬಳೆಗಳು ಹತ್ತಿರ ಬರುತ್ತವೆ ಇಲ್ಲವೆ ದೂರ ಸರಿಯುತ್ತವೆ. ಅವುಗಳೊಂದಿಗೆ ಮೂಳೆಯ ತುಂಡುಗಳೂ ಸರಿಯುತ್ತವೆ.

ಬೈಸಿಕಲ್ ಚಕ್ರದ ತೆಳುವಾದ ಕಡ್ಡಿಗಳು ಎಳೆತದಲ್ಲಿರುವುದರಿಂದಲೇ ಸವಾರನ ಭಾರ ಹೊರುತ್ತವೆ. ಇಲ್ಲಿಯೂ ತಂತಿಗಳನ್ನು ಬಲವಾಗಿ ಎಳೆದು ಕಟ್ಟಿರುವುದರಿಂದ ಅವು ದೇಹದ ಭಾರವನ್ನು ತಾಳಿಕೊಳ್ಳುತ್ತವೆ. ಹೆಜ್ಜೆಯಿಟ್ಟಾಗ ತಂತಿಗಳು ತುಸುವೇ ಬಾಗಿ ಮತ್ತೆ ನೆಟ್ಟಗಾಗುತ್ತವೆ. ಮೂಳೆಯ ಉದ್ದಕ್ಕೆ ಉಂಟಾಗುವ ಈ ಕಿರುಚಲನೆಯು ಮೂಳೆ ಬೆಳೆಯಲು ಪ್ರಚೋದನೆ ನೀಡುತ್ತದೆ. ಅಡ್ಡಲಾಗಿ ಅಥವಾ ತಿರುಚಿದಂತೆ ಜರುಗುವುದನ್ನು ಮಾತ್ರ ಚೌಕಟ್ಟು ತಡೆಯುತ್ತದೆ.

ಎಳೆತದಿಂದ ಬೆಳವಣಿಗೆ

ಆರಂಭದಲ್ಲಿ ಉಪಕರಣವನ್ನು ಮೂಳೆಯ ತುಂಡುಗಳನ್ನು ಒತ್ತಿ ಹಿಡಿಯಲು ಬಳಸುತ್ತಿದ್ದರು. ಒಬ್ಬ ರೋಗಿಯು ನಟ್ಟನ್ನು ಹೇಳಿದ ದಿಕ್ಕಿಗೆ ಬದಲು ವಿರುದ್ಧ ದಿಕ್ಕಿಗೆ ತಿರುಗಿಸುತ್ತ ಹೋದನೆಂದೂ, ತುಂಡುಗಳ ನಡುವೆ ಬಿದ್ದ ಅಂತರದಲ್ಲಿ ಹೊಸ ಮೂಳೆಯ ನೆರಳು ಎಕ್ಸ್‌ರೇಯಲ್ಲಿ ಕಂಡಿತೆಂದೂ ವೈದ್ಯರಲ್ಲಿ ಒಂದು ಕಥೆ ಬಹುಕಾಲದಿಂದ ಪ್ರಚಲಿತವಾಗಿದೆ. ಆಕಸ್ಮಿಕಕ್ಕಿಂತ ಮುಖ್ಯವಾದುದು ಅನಂತರದ ದೀರ್ಘ ಸಂಶೋಧನೆ. ಇಲಿಜರೋವ್ ಮತ್ತು ಸಹೋದ್ಯೋಗಿಗಳು ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಎಳೆತದ ವೇಗ ಮತ್ತು ಲಯ ಮೂಳೆಯ ಮೇಲೆ ಬೀರುವ ಪರಿಣಾಮವನ್ನು ಅಳೆದರು.

ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದರೆ ಬೇಕಾದ ಉದ್ದ ಬರುವ ಮೊದಲೇ ಮೂಳೆ ಕೂಡಿಕೊಳ್ಳುವ ಸಂಭವವಿತ್ತು. 2 ಮಿಲಿಮೀಟರ್ ಎಳೆದರೆ ಮೂಳೆಯ ಬೆಳವಣಿಗೆ ಕುಂಠಿತಗೊಂಡು, ಸ್ನಾಯು ಮತ್ತು ನರಗಳಿಗೆ ಹಾನಿಯಾಗುತ್ತಿತ್ತು. ದಿನಕ್ಕೆ 1 ಮಿಲಿಮೀಟರ್ ಸರಿಯಾದ ಪ್ರಮಾಣವೆಂದು ಕಂಡುಬಂದಿತು. ಅದನ್ನೂ ಒಮ್ಮೆಗೆ ಎಳೆಯದೆ, ಕಾಲು ಮಿಲಿಮೀಟರಿನಂತೆ ನಾಲ್ಕು ಬಾರಿ ಎಳೆಯುವುದು ಉತ್ತಮ. ಅದೇ 1 ಮಿಲಿಮೀಟರನ್ನು ಯಂತ್ರದ ಸಹಾಯದಿಂದ ದಿನವಿಡೀ 60 ಸಣ್ಣ ಹಂತಗಳಲ್ಲಿ ಎಳೆದಾಗ ಫಲ ಇನ್ನೂ ಉತ್ತಮವಾಗಿತ್ತು.

ಮೂಳೆಯನ್ನು ಕತ್ತರಿಸುವ ವಿಧಾನದಲ್ಲಿಯೂ ಅವರು ಎಚ್ಚರ ವಹಿಸಿದರು. ಗಟ್ಟಿಯಾದ ಹೊರಭಾಗವನ್ನು ಮಾತ್ರ ಕತ್ತರಿಸಿ, ಒಳಗಿನ ಮಜ್ಜೆಯನ್ನೂ ಹೊರಪೊರೆಯನ್ನೂ ರಕ್ತಸಂಚಾರವನ್ನೂ ಸಾಧ್ಯವಾದಷ್ಟು ಉಳಿಸಿಕೊಳ್ಳಬೇಕೆಂಬುದು ಅವರ ನಿಯಮ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇಟಲಿಯ ಅಲೆಸ್ಸಾಂದ್ರೊ ಕೊದಿವಿಲ್ಲಾ ಅವರು ಕಾಲನ್ನು ಉದ್ದಗೊಳಿಸುವ ಶಸ್ತ್ರಚಿಕಿತ್ಸೆ ನಡೆಸಿದ್ದರು. ಆದರೆ ಅವಸರದ ಎಳೆತದಿಂದ ತೊಡಕುಗಳು ಹೆಚ್ಚಾಗಿ ಆ ಪ್ರಯತ್ನಗಳು ವ್ಯಾಪಕವಾಗಲಿಲ್ಲ. ದೇಹವು ಒಪ್ಪುವ ವೇಗವೆಷ್ಟು ಎಂಬುದಕ್ಕೆ ಇಲಿಜರೋವ್ ಅವರು ಖಚಿತವಾದ ಅಳತೆ ಕೊಟ್ಟರು. ಎಳೆತಕ್ಕೆ ಒಳಗಾದಾಗ ಮೂಳೆಯಷ್ಟೇ ಅಲ್ಲ, ಚರ್ಮ, ಸ್ನಾಯು, ರಕ್ತನಾಳ ಮತ್ತು ನರಗಳೂ ಬೆಳೆಯುವ ಗುಣ ತೋರುತ್ತವೆ ಎಂಬ ಈ ತತ್ತ್ವವನ್ನು ಇಲಿಜರೋವ್ ಪರಿಣಾಮ ಎನ್ನುತ್ತಾರೆ.

ಚೌಕಟ್ಟಿನೊಂದಿಗೆ ಚೇತರಿಕೆ

ಇಲಿಜರೋವ್ ಪದ್ಧತಿಯಲ್ಲಿ ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆಗಳು ಸಾಕು. ಚೇತರಿಕೆಗೆ ತಿಂಗಳುಗಳು ಬೇಕು. ಅದನ್ನು ಮೂರು ಹಂತಗಳಾಗಿ ವಿಂಗಡಿಸಬಹುದು.

ಮೊದಲನೆಯದು ಕಾಯುವ ಹಂತ. ಮೂಳೆಯನ್ನು ಕತ್ತರಿಸಿದ ಮೇಲೆ ಸಾಮಾನ್ಯವಾಗಿ 5ರಿಂದ 7 ದಿನ ಎಳೆಯುವುದಿಲ್ಲ. ಕತ್ತರಿಸಿದ ಜಾಗದಲ್ಲಿ ಮೃದುವಾದ ಅಂಗಾಂಶ ಹುಟ್ಟಿಕೊಳ್ಳಲು ಈ ಅವಧಿ ಅಗತ್ಯ. ಆದರೆ ರೋಗಿ ಈ ದಿನಗಳಲ್ಲಿಯೇ ಊರುಗೋಲು ಹಿಡಿದು ನಿಲ್ಲಲು, ಕೀಲುಗಳನ್ನು ಮಡಿಸಲು ಆರಂಭಿಸಬೇಕಾಗುತ್ತದೆ.

ಎರಡನೆಯದು ಎಳೆಯುವ ಹಂತ. ನಟ್ಟುಗಳನ್ನು ದಿನಕ್ಕೆ ನಾಲ್ಕು ಬಾರಿ, ಗೊತ್ತಾದ ಹೊತ್ತಿಗೆ, ಕಾಲು ಸುತ್ತಿನಂತೆ ತಿರುಗಿಸಬೇಕು. ತರಬೇತಿ ಪಡೆದ ರೋಗಿ ಅಥವಾ ಮನೆಯವರು ಈ ಕೆಲಸವನ್ನು ಮಾಡಬಲ್ಲರು. ತಿರುಗಿಸುವ ಕ್ಷಣದಲ್ಲಿ ದೊಡ್ಡ ನೋವೇನೂ ಇರುವುದಿಲ್ಲ. ದಿನಗಳು ಕಳೆದಂತೆ ಮೀನಖಂಡ ಮತ್ತು ತೊಡೆಯ ಸ್ನಾಯುಗಳು ಬಿಗಿಯುತ್ತ ಹೋಗುವುದರಿಂದ ಸೆಳೆತ ಹೆಚ್ಚುತ್ತದೆ. ಮಗ್ಗುಲು ಬದಲಿಸಲು ಚೌಕಟ್ಟು ಅಡ್ಡಿಯಾಗುವುದರಿಂದ ರಾತ್ರಿಯ ನಿದ್ರೆ ಕೆಡುವುದು ಸಾಮಾನ್ಯ.

ಮೂಳೆಗಿಂತ ಸ್ನಾಯುಗಳು ನಿಧಾನವಾಗಿ ಹೊಂದಿಕೊಳ್ಳುತ್ತವೆ. ಕೆಳಗಾಲನ್ನು ಉದ್ದಗೊಳಿಸುವಾಗ ಹಿಮ್ಮಡಿ ಮೇಲಕ್ಕೆ ಸೆಳೆಯಲ್ಪಟ್ಟು ಪಾದವು ತುದಿಗಾಲಿನ ಸ್ಥಿತಿಗೆ ಬರುವ ಅಪಾಯವಿದೆ. ತೊಡೆಯನ್ನು ಉದ್ದಗೊಳಿಸುವಾಗ ಮಂಡಿ ಬಿಗಿಯಬಹುದು. ಪ್ರತಿದಿನದ ವ್ಯಾಯಾಮ ಮತ್ತು ಫಿಸಿಯೋಥೆರಪಿ ಇದಕ್ಕೆ ಪರಿಹಾರ. ಪಾದದಲ್ಲಿ ಜೋಮು ಅಥವಾ ಉರಿ ಕಾಣಿಸಿಕೊಂಡರೆ ನರದ ಮೇಲೆ ಒತ್ತಡ ಬಿದ್ದಿರುವ ಸಂಭವವಿದ್ದು, ವೈದ್ಯರು ಎಳೆತದ ವೇಗವನ್ನು ತಗ್ಗಿಸುತ್ತಾರೆ ಅಥವಾ ಕೆಲಕಾಲ ನಿಲ್ಲಿಸುತ್ತಾರೆ. ತಂತಿಗಳು ಚರ್ಮವನ್ನು ತೂರುವ ಜಾಗದಲ್ಲಿ ಸೋಂಕು ತಗಲುವುದು ಪದೇ ಪದೇ ಕಾಣುವ ತೊಂದರೆ. ಕೆಂಪಾಗುವುದು, ಊತ, ಕೀವು ಕಂಡಾಗ ತಡಮಾಡದೆ ಚಿಕಿತ್ಸೆ ಪಡೆದರೆ ಹೆಚ್ಚಿನವು ವಾಸಿಯಾಗುತ್ತವೆ. ಅಲಕ್ಷಿಸಿದರೆ ಸೋಂಕು ಮೂಳೆಗೆ ಇಳಿಯಬಹುದು.

ಮೂರನೆಯದು ಗಟ್ಟಿಗೊಳ್ಳುವ ಹಂತ. ಬೇಕಾದ ಉದ್ದ ಬಂದ ಮೇಲೆ ನಟ್ಟು ತಿರುಗಿಸುವುದು ನಿಲ್ಲುತ್ತದೆ. ಚೌಕಟ್ಟು ಮಾತ್ರ ಹಾಗೆಯೇ ಇರುತ್ತದೆ. ಎಕ್ಸ್‌ರೇಯಲ್ಲಿ ಮೊದಲು ಮಂಜಿನಂತೆ, ಆಮೇಲೆ ಎಳೆಎಳೆಯಾಗಿ ಕಂಡ ಹೊಸ ಮೂಳೆಯು ಕ್ರಮೇಣ ಹಳೆಯ ಮೂಳೆಯಷ್ಟೇ ಗಟ್ಟಿಯಾಗಬೇಕು. ಇದಕ್ಕೆ ಎಳೆಯಲು ಹಿಡಿದ ಕಾಲದ ಸುಮಾರು ಎರಡರಷ್ಟು ಬೇಕಾಗುತ್ತದೆ. 5 ಸೆಂಟಿಮೀಟರ್ ಉದ್ದಗೊಳಿಸಲು ಎಳೆಯುವುದಕ್ಕೆ 50 ದಿನ, ಗಟ್ಟಿಗೊಳ್ಳಲು ಇನ್ನೂ ಸುಮಾರು 100 ದಿನ. ಅಂದರೆ ಒಂದು ಸೆಂಟಿಮೀಟರಿಗೆ ಒಂದು ತಿಂಗಳೆಂಬ ಸ್ಥೂಲ ಲೆಕ್ಕ. ವಯಸ್ಕರಲ್ಲಿ ಇದು ಇನ್ನೂ ದೀರ್ಘವಾಗಬಹುದು. ಧೂಮಪಾನ ಮಾಡುವವರಲ್ಲಿ ಮೂಳೆ ನಿಧಾನವಾಗಿ ಕೂಡುತ್ತದೆ.

ಉದ್ದ ಬಂದಿತು, ಆದರೆ ಚೌಕಟ್ಟು ಇನ್ನೂ ಹೋಗಿಲ್ಲ ಎಂಬ ಈ ಹಂತವೇ ಅನೇಕರ ತಾಳ್ಮೆಯನ್ನು ಹೆಚ್ಚು ಪರೀಕ್ಷಿಸುತ್ತದೆ. ಕಾಲಿನ ಮೇಲೆ ಭಾರ ಹಾಕಿ ನಡೆಯುವುದು ಈ ಹಂತದಲ್ಲಿ ಔಷಧದಷ್ಟೇ ಮುಖ್ಯ. ಚೌಕಟ್ಟನ್ನು ತೆಗೆದ ಮೇಲೂ ಹೊಸ ಮೂಳೆ ಬಾಗುವ ಅಥವಾ ಮುರಿಯುವ ಸಾಧ್ಯತೆ ಇರುವುದರಿಂದ ಕೆಲವು ವಾರ ಊರುಗೋಲು, ಕೆಲವೊಮ್ಮೆ ಪ್ಲಾಸ್ಟರ್ ಕಟ್ಟು ಬೇಕಾಗುತ್ತದೆ.

ವಿರೋಧ ಮತ್ತು ಮಾನ್ಯತೆ

1955ರಲ್ಲಿ ಇಲಿಜರೋವ್ ಅವರು ಕುರ್ಗಾನ್‌ನಲ್ಲಿ ಯುದ್ಧದಿಂದ ಅಂಗವಿಕಲರಾದವರ ಆಸ್ಪತ್ರೆಯಲ್ಲಿ ಮೂಳೆ ಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. ರೋಗಿಗಳು ಗುಣವಾಗಿ ಮನೆಗೆ ತೆರಳುತ್ತಿದ್ದರೂ ರಾಜಧಾನಿಯ ವೈದ್ಯವಲಯ ಬಹುಕಾಲ ಅವರನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ದೂರದ ಪ್ರಾಂತದ ವೈದ್ಯರೊಬ್ಬರು ನಟ್ಟು ಬೋಲ್ಟುಗಳಿಂದ ಮೂಳೆ ಬೆಳೆಸುತ್ತಾರೆಂಬುದನ್ನು ನಂಬಲು ಹಲವು ಪ್ರಾಧ್ಯಾಪಕರು ಸಿದ್ಧರಿರಲಿಲ್ಲ. ಇದು ವೈದ್ಯನ ಕೆಲಸವಲ್ಲ, ಬೀಗ ರಿಪೇರಿ ಮಾಡುವವನ ಕೆಲಸವೆಂದು ಕೆಲವರು ಹೀಗಳೆದರು. 1966ರಲ್ಲಿ ಅವರಿಗೆ ಸಂಶೋಧನಾ ಪ್ರಯೋಗಾಲಯವೊಂದು ದೊರೆಯಿತು. 1968ರಲ್ಲಿ ಪೆರ್ಮ್ ನಗರದಲ್ಲಿ ಅವರು ಕೆಳಹಂತದ ಪದವಿಗಾಗಿ ಮಹಾಪ್ರಬಂಧ ಮಂಡಿಸಿದಾಗ, ಅದರ ಮಹತ್ತ್ವವನ್ನು ಗುರುತಿಸಿದ ವಿದ್ವತ್ ಮಂಡಳಿಯು ನೇರವಾಗಿ ಉನ್ನತವಾದ ವೈದ್ಯವಿಜ್ಞಾನ ಡಾಕ್ಟರ್ ಪದವಿಯನ್ನೇ ನೀಡಿತು.

ಇಲಿಜರೋವ್ ಅವರನ್ನು ದೇಶಕ್ಕೆಲ್ಲ ಪರಿಚಯಿಸಿದವರು ಎತ್ತರ ಜಿಗಿತದ ಕ್ರೀಡಾಪಟು ವಾಲೆರಿ ಬ್ರುಮೆಲ್. 1963ರಲ್ಲಿ 2.28 ಮೀಟರ್ ಜಿಗಿದು ವಿಶ್ವದಾಖಲೆ ಸ್ಥಾಪಿಸಿ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಬ್ರುಮೆಲ್ ಅವರ ಬಲಗಾಲು 1965ರ ಮೋಟಾರ್‌ಸೈಕಲ್ ಅಪಘಾತದಲ್ಲಿ ಜಜ್ಜಿಹೋಯಿತು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾದರೂ ಮೂಳೆ ಕೂಡಲಿಲ್ಲ, ಕಾಲು ಗಿಡ್ಡವಾಯಿತು. 1968ರಲ್ಲಿ ಕುರ್ಗಾನ್‌ಗೆ ಬಂದ ಅವರಿಗೆ ಇಲಿಜರೋವ್ ಅವರು ಮೂಳೆ ಕೂಡಿಸಿ, ಉದ್ದವನ್ನೂ ಸರಿಪಡಿಸಿದರು. ಬ್ರುಮೆಲ್ ಮತ್ತೆ ಅಭ್ಯಾಸಕ್ಕಿಳಿದು 2 ಮೀಟರಿಗಿಂತ ಎತ್ತರ ಜಿಗಿದರು. ಹಿಂದಿನ ದಾಖಲೆಯನ್ನು ಅವರು ಮುಟ್ಟಲಿಲ್ಲವಾದರೂ, ಊರುಗೋಲಿನಿಂದ ಜಿಗಿತದ ಅಂಕಣಕ್ಕೆ ಅವರು ಮರಳಿದ್ದು ಉಪಕರಣದ ಬಗೆಗಿದ್ದ ಸಂಶಯಗಳಿಗೆ ಬಲವಾದ ಉತ್ತರವಾಯಿತು.

1970ರಲ್ಲಿ ಸಂಗೀತ ಸಂಯೋಜಕ ದ್ಮಿತ್ರಿ ಶಸ್ತಕೋವಿಚ್ ಅವರೂ ಕೈಗಳ ದೌರ್ಬಲ್ಯಕ್ಕೆ ಚಿಕಿತ್ಸೆ ಪಡೆಯಲು ಕುರ್ಗಾನ್‌ಗೆ ಬಂದಿದ್ದರು. ಅವರಿಗೆ ಚೌಕಟ್ಟಿನ ಅಗತ್ಯವಿರಲಿಲ್ಲ. ವ್ಯಾಯಾಮ ಪ್ರಧಾನವಾದ ಚಿಕಿತ್ಸೆಯಿಂದ ಕೆಲಕಾಲ ಸುಧಾರಣೆ ಕಂಡಿತಾದರೂ ಅದು ಉಳಿಯಲಿಲ್ಲ.

1971ರಲ್ಲಿ ಕುರ್ಗಾನ್‌ನಲ್ಲಿ ಮೂಳೆ ಚಿಕಿತ್ಸೆಯ ಸ್ವತಂತ್ರ ಸಂಶೋಧನಾ ಸಂಸ್ಥೆ ಸ್ಥಾಪನೆಯಾಗಿ ಇಲಿಜರೋವ್ ಅದರ ನಿರ್ದೇಶಕರಾದರು. ಒಂದು ಕಾಲದಲ್ಲಿ ಯಾರೂ ಹೆಸರು ಕೇಳಿರದ ನಗರಕ್ಕೆ ದೇಶದ ಮೂಲೆಮೂಲೆಗಳಿಂದ ರೋಗಿಗಳು ಬರತೊಡಗಿದರು.

ಪಶ್ಚಿಮ ದೇಶಗಳಿಗೆ ಪರಿಚಯ

ಶೀತಲ ಸಮರದ ದಿನಗಳಲ್ಲಿ ಈ ಪದ್ಧತಿಯು ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರದೇಶಗಳ ಹೊರಗೆ ಬಹುತೇಕ ಅಜ್ಞಾತವಾಗಿತ್ತು. ಪರ್ವತಾರೋಹಿಯೂ ಛಾಯಾಗ್ರಾಹಕರೂ ಆಗಿದ್ದ ಇಟಲಿಯ ಕಾರ್ಲೊ ಮೌರಿ ಅವರಿಂದ ಈ ಗೋಡೆ ಒಡೆಯಿತು. ಹಿಮದ ಜಾರಾಟದಲ್ಲಿ ಕಾಲು ಮುರಿದುಕೊಂಡಿದ್ದ ಮೌರಿ, ಸರಿಯಾಗಿ ಕೂಡದ ಆ ಕಾಲಿನಲ್ಲಿಯೇ ವರ್ಷಗಟ್ಟಲೆ ಸಾಹಸಯಾತ್ರೆಗಳನ್ನು ಮಾಡಿದ್ದರು. ಥೋರ್ ಹೆಯೆರ್ದಾಲ್ ಅವರ ರಾ ನೌಕಾಯಾನದಲ್ಲಿ ಜೊತೆಗಿದ್ದ ಸೋವಿಯತ್ ವೈದ್ಯ ಯೂರಿ ಸೆಂಕೆವಿಚ್ ಅವರ ಮೂಲಕ ಕುರ್ಗಾನ್‌ನ ವಿಷಯ ತಿಳಿದು, 1980ರಲ್ಲಿ ಅಲ್ಲಿಗೆ ಹೋಗಿ ಗುಣಮುಖರಾದರು. ಅವರ ಕಾಲನ್ನು ಕಂಡ ಇಟಲಿಯ ವೈದ್ಯರು ಬೆರಗಾಗಿ ಇಲಿಜರೋವ್ ಅವರನ್ನು ಆಹ್ವಾನಿಸಿದರು.

1981ರಲ್ಲಿ ಕೊಮೊ ಸರೋವರದ ದಡದಲ್ಲಿರುವ ಬೆಲ್ಲಾಜಿಯೊ ಪಟ್ಟಣದ ಸಮ್ಮೇಳನದಲ್ಲಿ ಅವರು ತಮ್ಮ ಪದ್ಧತಿಯನ್ನು ವಿವರಿಸಿದಾಗ ಸಭೆ ಎದ್ದುನಿಂತು ಗೌರವಿಸಿತು. ಮರುವರ್ಷ ಈ ಪದ್ಧತಿಯ ಅಧ್ಯಯನಕ್ಕಾಗಿ ಇಟಲಿಯ ವೈದ್ಯರು ಸಂಘವೊಂದನ್ನು ಕಟ್ಟಿದರು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕಕ್ಕೂ ಇದು ತಲುಪಿತು. 1989ರಲ್ಲಿ ಎಳೆತದ ತತ್ತ್ವವನ್ನು ಕುರಿತ ಅವರ ಎರಡು ಭಾಗಗಳ ಪ್ರಬಂಧ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಪ್ರಶಸ್ತಿ ಮತ್ತು ಗೌರವಗಳು

ಇಲಿಜರೋವ್ ಅವರಿಗೆ 1978ರಲ್ಲಿ ಲೆನಿನ್ ಪ್ರಶಸ್ತಿ, 1981ರಲ್ಲಿ ಸಮಾಜವಾದಿ ಶ್ರಮವೀರ ಬಿರುದು ಲಭಿಸಿತು. 1991ರಲ್ಲಿ ಅವರು ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯರಾದರು. 1973ರಲ್ಲಿ ತೆರೆಕಂಡ, ಕಾಲಿನ್ನಿಕೋವಾ ಎಂಬ ವೈದ್ಯೆಯ ಕಥೆಯುಳ್ಳ ಸೋವಿಯತ್ ಚಲನಚಿತ್ರಕ್ಕೆ ಇವರ ಜೀವನವೇ ಪ್ರೇರಣೆ. 3750 ಸಂಖ್ಯೆಯ ಕ್ಷುದ್ರಗ್ರಹಕ್ಕೆ ಇವರ ಹೆಸರಿಡಲಾಗಿದೆ. ಬಿಡುವಿನಲ್ಲಿ ಜಾದೂ ಪ್ರದರ್ಶಿಸುವುದು ಇವರ ಮೆಚ್ಚಿನ ಹವ್ಯಾಸವಾಗಿತ್ತು.

ನಿಧನ

ಇಲಿಜರೋವ್ ಅವರು 24 ಜುಲೈ 1992ರಂದು ತಮ್ಮ 71ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಕುರ್ಗಾನ್‌ನಲ್ಲಿ ನಿಧನರಾದರು. ಅವರ ಸಮಾಧಿ ಅದೇ ನಗರದಲ್ಲಿದೆ. ಅವರು ಕಟ್ಟಿದ ಸಂಸ್ಥೆಯು ಈಗ ಅವರ ಹೆಸರನ್ನು ಹೊತ್ತಿದೆ.

ಪರಂಪರೆ

ಹುಟ್ಟಿನಿಂದಲೇ ಗಿಡ್ಡವಾದ ಅವಯವಗಳು, ಪೋಲಿಯೊದಿಂದಾದ ವಿಕಲತೆ, ಅಪಘಾತ ಅಥವಾ ಸೋಂಕಿನಿಂದ ಮೂಳೆಯ ಭಾಗವೇ ನಷ್ಟವಾದ ಸ್ಥಿತಿ ಮೊದಲಾದವುಗಳಿಗೆ ಇಲಿಜರೋವ್ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಮೂಳೆ ಕಳೆದುಹೋದ ಜಾಗವನ್ನು ತುಂಬಲು ಪಕ್ಕದ ಆರೋಗ್ಯಕರ ತುಂಡೊಂದನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಸರಿಸಿಕೊಂಡು ಹೋಗುವ ವಿಧಾನದಿಂದ, ಕತ್ತರಿಸಿ ತೆಗೆಯಬೇಕಾಗಿದ್ದ ಎಷ್ಟೋ ಕಾಲುಗಳು ಉಳಿದಿವೆ. ಭಾರತದ ಆಸ್ಪತ್ರೆಗಳಲ್ಲಿಯೂ ಈ ಚೌಕಟ್ಟು ಪರಿಚಿತವಾದುದು.

ಕಂಪ್ಯೂಟರ್ ಲೆಕ್ಕಾಚಾರದಿಂದ ಹೊಂದಿಸಬಹುದಾದ ಆರು ಸರಳುಗಳ ಚೌಕಟ್ಟುಗಳೂ, ಹೊರಗೆ ಏನೂ ಕಾಣದಂತೆ ಮೂಳೆಯೊಳಗೇ ಇದ್ದು ಅಯಸ್ಕಾಂತದ ನೆರವಿನಿಂದ ಉದ್ದವಾಗುವ ಸಲಾಕೆಗಳೂ ಮುಂದೆ ಬಂದಿವೆ. ಸಾಧನಗಳು ಬದಲಾದರೂ ಕಾಯುವ ದಿನಗಳು, ದಿನಕ್ಕೊಂದು ಮಿಲಿಮೀಟರಿನ ಆಸುಪಾಸಿನ ವೇಗ ಮತ್ತು ಗಟ್ಟಿಗೊಳ್ಳುವ ತಿಂಗಳುಗಳ ತತ್ತ್ವ ಬದಲಾಗಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಕೇವಲ ಎತ್ತರ ಹೆಚ್ಚಿಸಿಕೊಳ್ಳಲು ಆರೋಗ್ಯವಂತರೂ ಈ ಬಗೆಯ ಚಿಕಿತ್ಸೆಗೆ ಒಳಗಾಗುತ್ತಿರುವುದು ಚರ್ಚೆಗೆ ಕಾರಣವಾಗಿದೆ. ಕಾಯಿಲೆಯಿಲ್ಲದ ಕಾಲಿಗೂ ಸೋಂಕು, ಕೀಲುಗಳ ಬಿಗಿತ ಮತ್ತು ನರಹಾನಿಯ ಅಪಾಯಗಳು ತಪ್ಪುವುದಿಲ್ಲ; ಚೇತರಿಕೆಯ ಅವಧಿಯೂ ಕಡಿಮೆಯಾಗುವುದಿಲ್ಲ. ಇಂಥ ಚಿಕಿತ್ಸೆಯನ್ನು ಆಲೋಚಿಸುವವರು ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಅನಂತರದ ತಿಂಗಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅನುಭವಿ ವೈದ್ಯರು ಎಚ್ಚರಿಸುತ್ತಾರೆ.